ಮೆಟ್ಟಿಲ ಬಳಿಯ ಎರಡು ಫೋಟೋ

ಮಾರ್ಚ್ 4, ಮಂಗಳವಾರ

ಬೆಳಗಿನ ಬ್ಯಾಚ್ ಮುಗಿಯಿತು. ಎಲ್ಲರನ್ನೂ ತೂಕದ ಮಷಿನ್ ಹತ್ತಿಸಿದೆ. ಸಿಸ್ಟರ್ — ಆಸ್ಪತ್ರೆಯಲ್ಲಿ ನರ್ಸ್, ನನ್ನ ವ್ಯಾಯಾಮದ ಕ್ಲಾಸಿನಲ್ಲೂ ಎಲ್ಲರಿಗೂ ಸಿಸ್ಟರೇ — ಮತ್ತೆ ದಪ್ಪ ಆಗಿದ್ದಾಳೆ. ನೈಟ್ ಡ್ಯೂಟಿಯಲ್ಲಿ ಎರಡು ಬಿಸ್ಕತ್ತು ತಿಂದಳಂತೆ. ಎಲ್ಲರ ಮುಂದೆ ನಿಲ್ಲಿಸಿದೆ.

"ಬಾಯಿ ಕಟ್ಟಕ್ಕಾಗಲ್ವಾ ನಿಂಗೆ? ದಿನಾ ನನ್ನ ಫೋಟೋ ನೋಡ್ಕೊಂಡೇ ತಾನೇ ಮೆಟ್ಟಿಲು ಹತ್ತೋದು?"

ತಲೆ ತಗ್ಗಿಸಿದಳು.

ಮೆಟ್ಟಿಲ ಬಳಿ ನನ್ನ ಎರಡು ಫೋಟೋ. ಮೊದಲು ದಪ್ಪ, ಆಮೇಲೆ ಸಣ್ಣ. ಕೆಳಗೆ ದಪ್ಪಕ್ಷರದಲ್ಲಿ: ಔಷಧಿ ಇಲ್ಲ, ಬರೀ ಬೆವರು.

ಮನೆಗೆ ಬಂದು ಫ್ರಿಜ್ ತೆಗೆದೆ. ಬೆಣ್ಣೆ ಡಬ್ಬಿಯ ಹಿಂದಿದ್ದ ತೂಕ ಇಳಿಸುವ ಇಂಜೆಕ್ಷನ್ ಹೊಟ್ಟೆಗೆ ಚುಚ್ಚಿಕೊಂಡೆ. ಈ ವಾರದ ಬೆವರು ಮುಗಿಯಿತು.

ಮಾರ್ಚ್ 19

ಪಿತ್ತಕೋಶದಲ್ಲಿ ಕಲ್ಲು. ನೋವು ತಡೆಯಲಾರದೆ ಕ್ಲಾಸಿನ ನಡುವೆಯೇ ಕುಸಿದು ಕುಳಿತೆ. ಸಿಸ್ಟರೇ ಟ್ಯಾಕ್ಸಿ ಹತ್ತಿಸಿ ತನ್ನ ಆಸ್ಪತ್ರೆಗೆ ಕರೆದೊಯ್ದಳು. ಆಪರೇಷನ್ ಆಗಲೇಬೇಕಂತೆ.

"ತೂಕ ಬೇಗ ಬೇಗ ಇಳಿದ್ರೆ ಹೀಗಾಗುತ್ತೆ. ಔಷಧಿ ಏನಾದ್ರೂ ತಗೋತಿದ್ರಾ?" ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ — "ಛೇ ಛೇ, ನಮ್ಮ ಮೇಡಂ ಅಂಥವರಲ್ಲ ಡಾಕ್ಟ್ರೇ!"

ಅದೇನು ಹೆಮ್ಮೆ ಆ ಮುಖದಲ್ಲಿ. ಬಾಯಿ ಮುಚ್ಚಿಕೊಂಡೆ.

ಮಾರ್ಚ್ 25, ಮಂಗಳವಾರ

ಶುಕ್ರವಾರ ಆಪರೇಷನ್. ಗಂಡ ಆಸ್ಪತ್ರೆಯ ಸೂಚನೆಗಳ ಚೀಟಿ ಹಿಡಿದು ಬಂದರು. ಇಂಜೆಕ್ಷನ್ ವಿಷಯ ಗೊತ್ತಿರುವುದು ಅವರೊಬ್ಬರಿಗೇ. ಅಂಥದ್ದು ತಗೊಳ್ಳುವವರು ಡಾಕ್ಟರಿಗೆ ಮೊದಲೇ ತಿಳಿಸಬೇಕಂತೆ. ಅದು ತಗೊಂಡರೆ ತಿಂದದ್ದು ಹೊಟ್ಟೆಯಲ್ಲೇ ಕೂತಿರುತ್ತದೆ. ಪ್ರಜ್ಞೆ ತಪ್ಪಿಸಿದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

"ಹೇಳ್ಬಿಡೇ. ಮಾನ ಹೋದ್ರೆ ಹೋಗ್ಲಿ."

"ನಿಮಗೇನು? ಫೋಟೋ ನಂದಲ್ವಾ?"

ಜಗಳ. ಕೊನೆಗೆ, ಈ ವಾರ ಚುಚ್ಚಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟೆ. ಬೆಳಿಗ್ಗೆಯೇ ಚುಚ್ಚಿಕೊಂಡಾಗಿತ್ತು. ಅದನ್ನು ಅವರಿಗೂ ಹೇಳಲಿಲ್ಲ.

ಮಾರ್ಚ್ 28, ಬೆಳಿಗ್ಗೆ, ವಾರ್ಡು

ಗೌನು ಸಡಿಲ. ಅದಕ್ಕೂ ಒಳಗೊಳಗೇ ಖುಷಿ... ನಾಚಿಕೆಗೇಡು. ನಿನ್ನೆ ಮಧ್ಯಾಹ್ನ ತಿಂದದ್ದು ಇನ್ನೂ ಹುಳಿತೇಗಾಗಿ ಬರುತ್ತಿದೆ. ಹೆದರಿಕೆ.

ಸಿಸ್ಟರ್ ಪ್ರಶ್ನೆಗಳ ಹಾಳೆ ಹಿಡಿದು ಬಂದಳು. ಅಲರ್ಜಿ? ಇಲ್ಲ. ಶುಗರ್? ಇಲ್ಲ. ಮುಂದಿನದಕ್ಕೆ ನಕ್ಕಳು.

"ತೂಕದ ಇಂಜೆಕ್ಷನ್ ತಗೋತೀರಾ ಅಂತ ನಿಮ್ಮನ್ನ ಕೇಳಿದ್ರೆ ನಾಲಿಗೆ ಬಿದ್ಹೋಗುತ್ತೆ ಮೇಡಂ. ಇಲ್ಲ ಅಂತ ನಾನೇ ಬರ್ಕೊಂಡೆ. ನಿಮ್ಮನ್ನ ನೋಡಿ ರಾತ್ರಿ ಊಟಾನೇ ಬಿಟ್ಟಿದೀನಿ, ಗೊತ್ತಾ?"

ಅವಳ ಕಣ್ಣ ಕೆಳಗೆ ಕಪ್ಪು. ಕೆನ್ನೆ ಒಳಗೆ ಹೋಗಿದೆ. ಟ್ರಾಲಿ ತರಲು ಹೋದಳು. ನನ್ನ ಮೇಲೆ ನನಗೇ ಅಸಹ್ಯ.

ಮಧ್ಯಾಹ್ನ

ಹೇಳಿದೆ. ಥಿಯೇಟರ್ ಬಾಗಿಲಲ್ಲಿ, ಟ್ರಾಲಿಯ ಮೇಲೆ ಮಲಗಿಕೊಂಡೇ. "ಸಿಸ್ಟರ್, ಇಂಜೆಕ್ಷನ್ ತಗೊಂಡಿದೀನಿ. ಮಂಗಳವಾರ."

ತಮಾಷೆ ಎಂದುಕೊಂಡಳು. ನನ್ನ ಮುಖ ನೋಡಿದ ಮೇಲೆ ಅವಳ ನಗು ನಿಂತಿತು. ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿದಳು. ಆಪರೇಷನ್ ಮುಂದಕ್ಕೆ ಹೋಯಿತು. ಟ್ರಾಲಿ ತಿರುಗಿಸಿ ತಾನೇ ವಾಪಸು ತಂದಳು. ಬೈಯಲಿಲ್ಲ. ಹೊದಿಕೆ ಸರಿಮಾಡಿ ಕೇಳಿದಳು:

"ಮತ್ತೆ ಆ ಎರಡು ಬಿಸ್ಕತ್ತಿಗೆ ನನ್ನನ್ಯಾಕೆ ನಿಲ್ಸಿದ್ರಿ ಮೇಡಂ?"

ಗೋಡೆ ಕಡೆ ತಿರುಗಿ ಮಲಗಿದೆ.

ಸಂಜೆ

ಫೋನಿನಲ್ಲಿ ಕ್ಲಾಸಿನ ಗ್ರೂಪ್. ಎಲ್ಲರದೂ ಒಂದೇ ಪ್ರಶ್ನೆ, ಆಪರೇಷನ್ ಆಯ್ತಾ? ಸಿಸ್ಟರ್ ಉತ್ತರ ಹಾಕಿದ್ದಾಳೆ: "ಮುಂದಕ್ಕೆ ಹೋಗಿದೆ. ಮೇಡಂ ಚೆನ್ನಾಗಿದಾರೆ. ಯಾಕೆ ಅಂತ ಅವರೇ ಹೇಳ್ತಾರೆ."

ಅವರೇ ಹೇಳ್ತಾರೆ!

ಎಲ್ಲರೂ ಕಾಯುತ್ತಿದ್ದಾರೆ. ಬರೆದೆ, ಅಳಿಸಿದೆ. ನಾನು ಏನು ಹಾಕಿದರೂ ಸಿಸ್ಟರ್ ಬಾಯಿ ಬಿಡುವವಳಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ‘ಸ್ವಲ್ಪ ಜ್ವರ ಇತ್ತು’ ಎಂದು ಟೈಪ್ ಮಾಡಿ ಇಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ಬೆರಳು ಅಲ್ಲೇ, ಕಳಿಸುವ ಗುಂಡಿಯ ಮೇಲೇ ಇದೆ.