ಎರಡು ಗಂಟು, ಎರಡು ಕಲ್ಲು

ಅತ್ತಿ,

ಸೊಸೆ ಸೋತಳು ಎಂದು ನಗಬೇಡಿ. ನಾನು ಪೂರ್ತಿ ಸೋತಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ಲಕ್ಷ್ಮೇಶ್ವರದ ಮಹಿಳಾ ಮಂಡಳದಲ್ಲಿ ನಾನು ಸಾಬೂನು ಮಾಡುವುದನ್ನು ಕಲಿತು ಬಂದ ದಿನ ನೆನಪಿದೆಯೇ? ನೀವು ಒಲೆಯ ಮುಂದಿದ್ದಿರಿ. ಶಿಗ್ಲಿಯಿಂದ ತರಿಸಿದ ಬೇವಿನೆಣ್ಣೆಯನ್ನು ಕಾಸ್ಟಿಕ್ ಸೋಡಾ ಹಾಕಿ ಕಡಾಯಿಯಲ್ಲಿ ಕುದಿಸಿ, ಉಪ್ಪು ಸುರಿದು, ಮೇಲೆ ತೇಲಿದ ಸಾಬೂನನ್ನಷ್ಟೇ ಎತ್ತಿಕೊಂಡು ಕೆಳಗಿನ ನೀರು ಚೆಲ್ಲುವುದು ನಿಮ್ಮ ಪದ್ಧತಿ. 'ಇಷ್ಟು ಚೆಲ್ಲಿದ್ರ ಸಬಕಾರ ಕಡಿಮಿ ಬೀಳೂದಿಲ್ಲೇನ್ರಿ? ಕುದಸದನ ಮಾಡಾಕ ಬರತೈತಿ,' ಎಂದೆ. 'ಹಂಗಾರ ಮಾಡಿ ತೋರ್ಸವಾ,' ಎಂದಿರಿ.

ತೋರಿಸಿದೆ. ಇಬ್ಬರಿಗೂ ಅಷ್ಟೇ ಎಣ್ಣೆ, ಅದೇ ಅಚ್ಚು. ನಿಮ್ಮದು ಇಪ್ಪತ್ತನಾಲ್ಕು ಬಿಲ್ಲೆ, ನನ್ನದು ಮೂವತ್ತೆರಡು! ಅಚ್ಚಿನಿಂದ ತೆಗೆದ ದಿನವೇ ಓಣಿಯ ಹೆಂಗಸರ ಮುಂದೆ ಎಣಿಸಿ ಜಂಬ ಕೊಚ್ಚಿಕೊಂಡೆ. ನೀವು ಕಡಾಯಿ ತೊಳೆದು ಅಟ್ಟಕ್ಕೆ ಹಾಕಿಸಿದಿರಿ. 'ಇರಲಿ, ಒಂದ್ ತಿಂಗಳಾಗಲಿ, ಆಮ್ಯಾಲೆ ಮಾತಾಡೋಣಂತ,' ಎಂದಿರಿ. ತಿಂಗಳು ತುಂಬುವ ಮೊದಲೇ ನೀವು...

ನಿನ್ನೆ ನಿಮ್ಮ ಕೋಣೆಯ ಗೂಡು ಒರೆಸುವಾಗ ತೆಳು ಬಟ್ಟೆಯ ಎರಡು ಗಂಟು ಸಿಕ್ಕವು. ಒಂದರಲ್ಲಿ ನಿಮ್ಮ ಬಿಲ್ಲೆ, ಇನ್ನೊಂದರಲ್ಲಿ ನನ್ನದು. ಎರಡರಲ್ಲೂ ಒಂದೊಂದು ಹೊಳೆಗಲ್ಲು. ಪೇಟೆಯ ತೂಕದ ಕಲ್ಲನ್ನು ನೀವು ಎಂದೂ ನಂಬಿದವರಲ್ಲ. ಬೆಣ್ಣೆಯಾದರೂ ಸರಿ, ಹತ್ತಿಯಾದರೂ ಸರಿ, ಸರಿತೂಗುವ ಕಲ್ಲು ಹುಡುಕಿ ಜೊತೆಗೆ ಕಟ್ಟಿಡುತ್ತಿದ್ದಿರಿ. ಅಚ್ಚಿನಿಂದ ತೆಗೆದ ದಿನವೇ ಇವನ್ನೂ ಕಟ್ಟಿಟ್ಟಿದ್ದಿರಿ ಎಂದು ತಿಳಿಯಿತು. ಮನೆಯ ತಕ್ಕಡಿಗೆ ಇಟ್ಟೆ. ನಿಮ್ಮ ಬಿಲ್ಲೆಯ ಎದುರು ಕಲ್ಲು ಚೂರೇ ಚೂರು ಇಳಿಯಿತು. ನನ್ನ ಬಿಲ್ಲೆಯ ಎದುರು ಅದರ ಕಲ್ಲು ದೊಪ್ಪನೆ ಕೂತಿತು. ಅಂದು ಸಾಬೂನಿನ ಜೊತೆ, ಚೆಲ್ಲದೆ ಒಳಗೇ ಉಳಿದು ಈಗ ಒಣಗಿಹೋದ ನೀರನ್ನೂ ನಾನು ಎಣಿಸಿದ್ದೆ.

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ? ಓಣಿಯವರ ಮುಂದೆ ನನ್ನ ಮುಖ ಉಳಿಯಲಿ ಎಂದೇ? ತಕ್ಕಡಿ ಹಿಡಿದುಕೊಂಡೇ ಅತ್ತುಬಿಟ್ಟೆ, ಅತ್ತಿ. ನಿಮ್ಮ ಮೇಲೆ ಸಿಟ್ಟೂ ಬಂತು.

ಸೂತಕದಲ್ಲಿ ಯಾರೂ ಮುಟ್ಟದ ಉಳಿದ ಬಿಲ್ಲೆಗಳನ್ನೂ ತೂಗಿದೆ. ಎಂಟು ಬಿಲ್ಲೆಯ ನನ್ನ ಗೆಲುವು ಎರಡು ಬಿಲ್ಲೆಯ ತೂಕಕ್ಕೆ ಇಳಿದಿದೆ. ಆ ಎರಡನ್ನು ಮಾತ್ರ ನಿಮಗೂ ಬಿಟ್ಟುಕೊಡುವುದಿಲ್ಲ.

ಇವತ್ತು ಅದೇ ಹೆಂಗಸರನ್ನು ಕರೆದು ಎರಡೂ ಕಲ್ಲು ತೋರಿಸಿದೆ. 'ನಾ ಹಸೀದು ಎಣಿಸಿದ್ದೆ. ಒಣಗಿದ ಮ್ಯಾಲೆ ತೂಗಬೇಕಂತ ನಮ್ಮತ್ತಿಗೆ ಗೊತ್ತಿತ್ತು,' ಎಂದೆ. ಕಡಾಯಿ ಅಟ್ಟದಿಂದ ಇಳಿದಿದೆ. ನಾಳೆ ಒಲೆಯ ಮೇಲೆ ನಿಮ್ಮದು, ಪಕ್ಕದಲ್ಲಿ ನನ್ನದು.

ತಿಂಗಳಾದ ಮೇಲೆ ಮಾತಾಡೋಣ ಎಂದಿದ್ದಿರಲ್ಲ? ನಿನ್ನೆಗೆ ತಿಂಗಳು ತುಂಬಿತು.

ನಿಮ್ಮ ಸೊಸೆ