ರೈಲಿಲ್ಲದ ಪದ

ಅಜ್ಜಂಪುರ
14-2-1978, ಮಂಗಳವಾರ

ಮುದ್ದಿನ ಮಲ್ಲಿಕಾಂಬಳಿಗೆ ದೊಡ್ಡಮ್ಮ ತಲೆ ಸವರಿ ಮಾಡುವ ಆಶೀರ್ವಾದ.

ನಾನೂ ನಿಮ್ಮ ದೊಡ್ಡಪ್ಪನೂ ಚೆನ್ನಾಗಿದ್ದೇವೆ ಎಂದು ಬರೆದೆ; 'ನಾನೂ' ಎಂಬುದನ್ನು ಹೊಡೆದುಹಾಕೋಣವೆನ್ನಿಸಿತು. ಶನಿವಾರ ನಿನ್ನ ಕಾಗದ ಬಂದಾಗಿನಿಂದ ಕೂತಲ್ಲಿ ಕೂರಲಾರೆ. ಎರಡು ಸಲ ಹಾಲು ಉಕ್ಕಿಸಿದೆ.

ಲೇಖನದ ರೂಪರೇಖೆ ಕಳಿಸಿ, ಹೇಗಿದೆ ಹೇಳು ಎಂದಿದ್ದೀಯ. ಬೆಲ್ಲ ಕಟ್ಟಿದ ಕಾಗದದಲ್ಲಿ ಅಕ್ಷರ ಕಲಿತವಳನ್ನು ಕೇಳಿದ್ದೀಯಲ್ಲ, ಅದೇ ಹೆಚ್ಚು. ಮೊದಲು ಏನು, ಆಮೇಲೆ ಏನು ಎಂದು ಒಂದೇ ಹಾಳೆಯಲ್ಲಿ ಅಚ್ಚುಕಟ್ಟಾಗಿ ಹಾಕಿದ್ದೀಯ. ಮೂರನೆಯ ಭಾಗಕ್ಕೆ ಬಂದಾಗ ಹಾಳೆ ಕೆಳಗಿಟ್ಟೆ. ನಾನು ಹಾಡಿದ ಶಿವನಿ ದಾರಿಯ ಬೀಸುವ ಪದದಲ್ಲಿ ರೈಲಿನ ಸುದ್ದಿಯೇ ಇಲ್ಲ, ಆದ್ದರಿಂದ ಅದು ನಮ್ಮ ಕಡೆಗೆ ರೈಲು ಬರುವ ಮೊದಲಿನದು, ನೂರು ವರ್ಷ ಹಳೆಯದು ಎಂದಿದ್ದೀಯ. ನಾಲ್ಕನೆಯದೂ ಐದನೆಯದೂ ಅದರ ಮೇಲೆಯೇ ನಿಂತಿವೆ. ಬರುವ ಸೋಮವಾರ ಮೇಷ್ಟ್ರಿಗೆ ಕೊಡಬೇಕು, ಅವರು ಒಪ್ಪಿದರೆ ಗೋಷ್ಠಿಯಲ್ಲಿ ಓದಬಹುದು ಎಂದೂ ಬರೆದಿದ್ದೀಯ.

ಮಗಳೇ, ಆ ಪದ ಕಟ್ಟಿದವಳು ನಾನು.

ನೀನು ಟೇಪ್ ರೆಕಾರ್ಡರ್ ತಂದ ದಿನ ಕೇರಿಯ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು. ಇದು ಯಾರ ಕಾಲದ್ದು ಎಂದು ನೀನು ಕೇಳಿದ್ದೇ ತಡ, ಪಕ್ಕದ ಮನೆ ತಿಮ್ಮಕ್ಕ ಬಾಯಿ ಹಾಕಿದಳು: "ಇವಳ ಅತ್ತೇದು ಕಣವ್ವ. ಆಯಮ್ಮಂಗೆ ಅವರಜ್ಜಿಯಿಂದ ಬಂದಿದ್ದು. ಇವಳೇನ್ ಕಟ್ಟಾಳು, ಸಾರಿಗೆ ಉಪ್ಪು ಹಾಕೋದೇ ಮರೀತಾಳೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ದೊಡ್ಡಪ್ಪ ಜಗುಲಿಯಲ್ಲೇ ಕೂತಿದ್ದರು.

ತಿಮ್ಮಕ್ಕನದೂ ಪೂರಾ ಸುಳ್ಳಲ್ಲ. ನನ್ನ ಬಾಯಿಂದ ಕಲಿತು ಊರೆಲ್ಲ ಹಾಡಿದವರು ಅತ್ತೆಯೇ. ಸೊಸೆ ಪದ ಕಟ್ಟುತ್ತಾಳೆಂದರೆ ಆಡಿಕೊಳ್ಳುವ ಕಾಲ ಅದು. ಅತ್ತೆಯ ಪದವೆಂದರೆ ಮರ್ಯಾದೆ. ಇನ್ನು ರೈಲು ಏಕಿಲ್ಲ ಎಂದರೆ, ಪದಕ್ಕೆ ಕೂರಲಿಲ್ಲ, ಬಿಟ್ಟೆ. ಅಷ್ಟೇ.

ರವಿಕೆ ಹೊಲಿಯುವ ಮೊದಲು ದೂರದೂರ ದಾರ ಓಡಿಸುತ್ತೇವಲ್ಲ, ಮೈಗೆ ಹಿಡಿದು ನೋಡಿ ಬಿಚ್ಚಲಿಕ್ಕೆಂದೇ. ನಿನ್ನ ಹಾಳೆಯೂ ಹಾಗೇ ಎಂದುಕೊಂಡಿದ್ದೇನೆ. ಸೊಸೆಯ ಪದ ಅತ್ತೆಯ ಹೆಸರಲ್ಲಿ ಹೇಗೆ ಊರಾಡಿತು ಎಂಬುದನ್ನೇ ಮೂರನೆಯದು ಮಾಡಿದರೆ? ಮುಂದಿನವು ಅಲ್ಲಿಂದ ಹುಟ್ಟಿಯಾವು. ತಿಳಿಯದೆ ಹೇಳಿದ್ದರೆ ಬಿಡು. ಸಿಟ್ಟು ಬಂದಿದ್ದರೂ ಒಂದು ಸಾಲು ಬರೆ.

ಏನು ಬರೆಯುತ್ತಿದ್ದೀಯ ಎಂದು ದೊಡ್ಡಪ್ಪ ಕೇಳಿದರು. ಮಲ್ಲಿಕಾಂಬಳಿಗೆ ಉಪ್ಪಿನಕಾಯಿ ಹಾಕುವ ಬಗೆ ಎಂದೆ. ಮಧ್ಯಾಹ್ನದ ಟಪಾಲಿಗೆ ಇದು ಸೇರಲೇಬೇಕು.

ನಿನ್ನ ಕೆಲಸ ಕೆಡಿಸಿದೆನೇನೋ ಎಂಬ ಅಳುಕಿನ,
ದೊಡ್ಡಮ್ಮ
ಗುರುಶಾಂತಮ್ಮ

ತಾ.ಕ.: ಅಂಚೆ ಕಚೇರಿಯ ಬಾಗಿಲಿಂದ ವಾಪಸು ಬಂದೆ. ರೈಲು ಪದಕ್ಕೆ ಕೂರಲಿಲ್ಲ ಎಂದದ್ದು ಸುಳ್ಳು. ಮದುವೆಯಾದ ಎರಡನೆಯ ವರ್ಷ, ದಾವಣಗೆರೆಯಲ್ಲಿ ಹೆಂಗಸರಿಗೆ ಓದು ಕಲಿಸುತ್ತಾರೆಂದು ಕೇಳಿ, ಯಾರಿಗೂ ಹೇಳದೆ, ನಮ್ಮೂರ ಸ್ಟೇಷನ್ನಿನಲ್ಲಾದರೆ ಗುರುತಿನವರು ಕಂಡಾರೆಂದು ಶಿವನಿ ಸ್ಟೇಷನ್ನಿಗೆ ನಡೆದುಹೋಗಿದ್ದೆ. ರೈಲು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ಮನೆಗೆ ಬಂದರೆ ಅತ್ತೆ ಎಲ್ಲಿಗೆ ಹೋಗಿದ್ದೆ ಎನ್ನಲಿಲ್ಲ. ರಾಗಿ ಬೀಸಲು ಕರೆದರು. ಪದ ಹುಟ್ಟಿದ್ದು ಆವತ್ತು. ಕೊನೆಯ ಸೊಲ್ಲು ಕೇಳಿ ಅವರು ಕಲ್ಲು ನಿಲ್ಲಿಸಿದರು. "ಅದೊಂದು ಬಿಟ್ಬಿಡು ಕಣೇ. ಮಿಕ್ಕಿದ್ದು ನಂದು ಅಂತ ಹೇಳ್ತೀನಿ."

ಆ ಸೊಲ್ಲು ಕೆಳಗಿದೆ. ಲೇಖನಕ್ಕೆ ಹಾಕುವುದಾದರೆ ಕಟ್ಟಿದವರ ಹೆಸರನ್ನು ಪೂರ್ತಿ ಬರೆ.

ಹೊಗೆಯುಗುಳಿ ರೈಲು ಬಂತು, ಹೆಜ್ಜೆ ಏಳಲೆ ಇಲ್ಲ
ಅಂಗೈಯ ಟಿಕೀಟು ಬೆವರಾಗೆ ನೆಂದೋಯ್ತು
ದಿನವೆಲ್ಲ ತಿರುಗೋ ಕಲ್ಲವ್ವ, ನೀನಾರೂ
ಯಾವೂರ ಕಂಡು ಬಂದ್ಯವ್ವ