ಮೋಟರಿಲ್ಲದ ಡ್ರೈಯರ್

ಸ್ವರ್ಣಕ್ಕ,

ಇದು ನಿನಗೆ ತಲುಪುವುದಿಲ್ಲವೆಂದು ಗೊತ್ತಿದ್ದರೂ ಹೇಳದೆ ಇರಲಾಗುತ್ತಿಲ್ಲ.

ಇವತ್ತು ಫ್ರಿಜ್ ನೋಡಲು ರಾಸ್ ಅಲ್ ಖೋರ್‌ನ ಹಳೆ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಲ್ಲಿ ಮೂಲೆಯಲ್ಲಿ, ನೀನು ಊರಿಗೆ ಮರಳುವ ಮೊದಲು ಊದ್ ಮೇಥಾದಲ್ಲಿ ನಾವಿಬ್ಬರೂ ಇದ್ದ ಫ್ಲ್ಯಾಟಿನ ಬಟ್ಟೆ ಒಣಗಿಸುವ ಡ್ರೈಯರ್ ನಿಂತಿತ್ತು. ಹಾಲುಕೆನೆ ಬಣ್ಣದ ಅಂಥ ಡ್ರೈಯರುಗಳು ಆಗ ಎಷ್ಟೋ ಮನೆಗಳಲ್ಲಿದ್ದವು. ಆದರೆ ಇದರ ಗುಂಡಿಯ ಪಕ್ಕ ನೀನು ಅಂಟಿಸಿದ್ದ ಕೆಂಪು ಬೊಟ್ಟು ಹಾಗೇ ಇತ್ತು. "ಇದ್ರಿಂದ ಮುಂದೆ ತಿರುಗಿಸ್ಬೇಡ ಮಾರಾಯ್ತಿ, ಬಟ್ಟೆ ಸುಟ್ಟು ಹೋಗ್ತದೆ" ಎನ್ನುತ್ತಿದ್ದೆ ನೀನು.

ಬಾಗಿಲು ತೆರೆದು ಕೈ ಹಾಕಿದೆ. ಈಗಷ್ಟೇ ಬಟ್ಟೆ ತೆಗೆದ ಹಾಗೆ ಒಳಗೆ ಬೆಚ್ಚಗಿತ್ತು.

"ಇದು ಈಗ ಓಡ್ತಿತ್ತಾ?" ಎಂದು ಕೇಳಿದೆ.

ಕಾಸರಗೋಡು ಮೂಲದ ಅಂಗಡಿಯವರು ನಕ್ಕರು. "ಎಂಥ ಓಡುದು ಮೇಡಂ? ಮೋಟರ್ ಇಲ್ಲ, ವಯರ್ ಇಲ್ಲ. ಖಲಾಸ್!"

ಕೈ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಊರಿನ ಆಸ್ಪತ್ರೆಯಿಂದ ಫೋನ್ ಮಾಡಿ, "ತುಂಬ ಚಳಿಯಾಗ್ತದೆ, ಒಮ್ಮೆ ಬಂದು ಹೋಗ್ತೀಯಾ?" ಎಂದಿದ್ದೆ ನೀನು. "ಹೊದ್ದುಕೊಂಡು ಮಲಗು ಅಕ್ಕ" ಎಂದಿದ್ದೆ ನಾನು; ಬರಲೇ ಇಲ್ಲ.

ಆ ಖಾಲಿ ಡಬ್ಬವನ್ನು ಮನೆಗೆ ತಂದು ಬಾಲ್ಕನಿಯಲ್ಲಿಟ್ಟೆ. ನೀನು ತೀರಿಹೋದ ಮೇಲೆ ಊರಿಂದ ಬಂದ ನಿನ್ನ ಶಾಲನ್ನು ಅದರೊಳಗೆ ಹಾಕಿ ಬಾಗಿಲು ಮುಚ್ಚಿದೆ. ಬಾಗಿಲಿನ ಗಾಜಿನಾಚೆ ಶಾಲು ಈಗ ಮೆಲ್ಲಗೆ ತಿರುಗುತ್ತಿದೆ. ಅದು ಬೆಚ್ಚಗಾಗುವವರೆಗೂ ನಾನು ಇಲ್ಲೇ ಕುಳಿತಿರುತ್ತೇನೆ, ಅಕ್ಕ.

ಶರ್ಮಿಳಾ